ಕೂಸಿಗಾಗಿ ಕಾಯುವವರು, ಮನೆಗಾಗಿ ಕಾಯುವವರು

ನಮ್ಮಲ್ಲಿ ಬಹುಮಂದಿ ನಡೆದಾಡುವ ಪಾರ್ಕ್ ಸ್ಟ್ರೀಟಿಗೆ 2004ರಲ್ಲಿ ಮದರ್ ತೆರೇಸಾರ ಹೆಸರಿಟ್ಟರು. ಅಲ್ಲಿಂದ ಅನತಿದೂರದಲ್ಲಿ ಅವರು 1955ರಲ್ಲಿ ತೆರೆದ ಶಿಶುಭವನದಿಂದ ದಶಕಗಳ ಕಾಲ ಮಕ್ಕಳು ದತ್ತುಮನೆಗಳನ್ನು ಸೇರಿದರು. ಒಂಟಿಯಾಗಿರುವವರಿಗೂ ವಿಚ್ಛೇದಿತರಿಗೂ ಮಗುವನ್ನು ಕೊಡುವ 2015ರ ನಿಯಮಗಳನ್ನು ಒಪ್ಪದೆ ಅವರ ಸಂಸ್ಥೆಯು ದತ್ತು ಕಾರ್ಯದಿಂದ ಹಿಂದೆ ಸರಿಯಿತು.

ಈಗ ದೇಶಕ್ಕೆಲ್ಲ ಒಂದೇ ಸಾಲು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿದ ದಿನಾಂಕದಂತೆ ಸರದಿ ಬರುತ್ತದೆ. ಆರೋಗ್ಯವಂತ ಎಳೆಗೂಸೇ ಬೇಕೆನ್ನುವವರು ಮೂರು ವರ್ಷಕ್ಕೂ ಮಿಗಿಲಾಗಿ ಕಾಯಬೇಕಾಗಿದೆ. 2024-25ರಲ್ಲಿ ದತ್ತು ಹೋದ ಮಕ್ಕಳು 4,515. ಸಾಲಿನಲ್ಲಿ ನಿಂತವರು ಅದರ ಹಲವು ಪಟ್ಟು. ಇತ್ತ ಐದಾರು ವರ್ಷ ದಾಟಿದ ಮಕ್ಕಳೂ ಅಂಗವೈಕಲ್ಯವುಳ್ಳವರೂ ಬಾಗಿಲು ನೋಡುತ್ತ ಕುಳಿತಿದ್ದಾರೆ.

ಎಳೆಗೂಸನ್ನು ಬಯಸುವುದು ತಪ್ಪೆಂದು ನಾವು ಹೇಳೆವು. ಆದರೆ ದುಡಿಯುವ ಹೆಂಗಸಿಗೆ ಬೇರೆ ದಾರಿಯನ್ನು ಕಾನೂನೇ ಕಠಿಣಗೊಳಿಸಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು ಮೂರು ತಿಂಗಳೊಳಗಿನ ಕೂಸನ್ನು ದತ್ತು ಪಡೆದ ತಾಯಿಗೆ ಮಾತ್ರ 12 ವಾರಗಳ ರಜೆ ಕೊಟ್ಟಿತು. ಹೆತ್ತವಳು ಒಪ್ಪಿಸಿದ ಕೂಸಿಗಾದರೋ, ಆಕೆಯ ಮರುವಿಚಾರಕ್ಕೆಂದೇ ಎರಡು ತಿಂಗಳು ಕಾಯಬೇಕು, ಆಮೇಲೆ ಕಾಗದಪತ್ರ. ಮೂರು ತಿಂಗಳೊಳಗೆ ಎಷ್ಟು ಕೂಸುಗಳು ಮನೆ ಸೇರಿಯಾವು? ಆರು ವರ್ಷದ ಮಗುವಿಗೂ ಹೊಸ ತಾಯಿಯ ಬಳಕೆಗೆ ದಿನಗಳು ಬೇಡವೆ?

ಆದ್ದರಿಂದ, ಮಗುವಿನ ವಯಸ್ಸೆಷ್ಟೇ ಇರಲಿ, ತಾಯಿಗೂ ತಂದೆಗೂ ಸಂಬಳಸಹಿತ ರಜೆ ದೊರೆಯಬೇಕೆಂಬ ಬೇಡಿಕೆಯನ್ನು ಮಾಲೀಕರೊಡನೆ ಆಗುವ ಪ್ರತಿಯೊಂದು ಒಪ್ಪಂದದಲ್ಲೂ ಕಾರ್ಮಿಕರು ಇಡಬೇಕು. ಅರ್ಜಿ ತುಂಬುವ ಬಾಂಧವರೂ ವಯಸ್ಸನ್ನು ಕೇಳುವಲ್ಲಿ ಒಂದು ಕ್ಷಣ ತಡೆದು ಯೋಚಿಸಲೆಂದು ಬಿನ್ನವಿಸುತ್ತೇವೆ. ದೊಡ್ಡವರು ಕಾಯಬಲ್ಲರು, ಬಾಲ್ಯ ಕಾಯದು.