ಜಾತಿ ಕೂಗುವ ಕ್ಲಾಸುಗಳು



ಸ್ಕಾಲರ್‌ಶಿಪ್ ಫಾರಂ ಬಂದ ದಿನ ತುಂಬಿದ ಕ್ಲಾಸಿನಲ್ಲಿ "ಎಸ್ಸಿಗಳೆಲ್ಲ ಎದ್ದು ನಿಲ್ರೋ" ಎಂದು ಮೇಷ್ಟ್ರು ಕೂಗಿದ್ದನ್ನು ನಾವು ಕೇಳಿದ್ದೇವೆ. ಆ ದಿನದ ಪಾಠ ನಮ್ಮ ತಲೆಗೆ ಹೋಗಲಿಲ್ಲ. ಆಮೇಲೆ "ಇವರಿಗೆ ಓದು ಹತ್ತೋದಿಲ್ಲ" ಎಂದವರೂ ಅವರೇ.

ಹತ್ತೋದಿಲ್ಲವೇ? ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2004ರಲ್ಲಿ ವರದಿ ಬರೆದರು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಯವರೆನ್ನಿಸಿಕೊಂಡ 321 ಹುಡುಗರು. ಕಾಗದದ ಮೇಲೆ ದಾರಿ ಹುಡುಕುವ ಒಗಟು, ಬಿಡಿಸಿದ್ದಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದಿದ್ದಾಗ ಇಬ್ಬರೂ ಸಮಸಮ. ಅಪ್ಪ, ತಾತನ ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿದಾಗ ನಮ್ಮ ಹುಡುಗರು ಹಿಂದೆ ಬಿದ್ದರು. ಒಗಟು ಅದೇ, ಮಿದುಳೂ ಅಂಥದ್ದೇ.

ಇನ್ನು ಕೆಲವು ಗುಂಪುಗಳಲ್ಲಿ ದುಡ್ಡು ಯಾರಿಗೆಂದು ಚೀಟಿ ಎತ್ತಿ ತೀರ್ಮಾನಿಸಿದರು. ಅಲ್ಲಿ ಜಾತಿ ಹೇಳಿದರೂ ಅಂತರ ಕಾಣಲಿಲ್ಲ. ಚೀಟಿಗೆ ಜಾತಿಯಿಲ್ಲವಲ್ಲ! ಜಾತಿ ಎದ್ದು ಕಂಡಾಗ, ದುಡಿದದ್ದಕ್ಕೆ ತಕ್ಕ ಫಲ ಸಿಗೋದಿಲ್ಲ ಎಂದು ಈ ಹುಡುಗರು ಮೊದಲೇ ಅಂದುಕೊಳ್ಳುತ್ತಾರೆ ಎನ್ನುತ್ತಾರೆ ಸಂಶೋಧಕರು. ಅದನ್ನು ಕಲಿಸಿದ್ದು ಯಾರು? ಈ ಸಮಾಜವೇ.

ಹಾಗಂತ ನಾವು ಜಾತಿ ಮುಚ್ಚಿಟ್ಟು ಬದುಕಬೇಕಿಲ್ಲ. ನಾಚಬೇಕಾದವರು ನಾವಲ್ಲ. ಸ್ಕಾಲರ್‌ಶಿಪ್ ನಮ್ಮ ಹಕ್ಕು. ಹೆಸರಿನ ಪಟ್ಟಿ ಆಫೀಸಿನಲ್ಲಿದೆ, ಕ್ಲಾಸಿನಲ್ಲಿ ಕೂಗುವ ಅಗತ್ಯವಿಲ್ಲ. ಮುಂದಿನ ಸಲ ಕೂಗಿದರೆ ತಲೆ ತಗ್ಗಿಸಿ ಒಬ್ಬೊಬ್ಬರೇ ಏಳುವುದು ಬೇಡ. ಹಾಸ್ಟೆಲಿನವರೆಲ್ಲ ಒಟ್ಟಾಗಿ ಹೆಡ್ಮಾಸ್ಟರ ಮುಂದೆ ನಿಂತು ಕೇಳೋಣ.