ಏಕಾಂತದ ಕೆಂಡಕ್ಕೊಂದು ಗಾಳಿಕಿಂಡಿ

‘ಕಾಲಕ್ಷೇಪ’ ಎಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಪದ. ‘ಕ್ಷೇಪ’ ಎಂದರೆ ಎಸೆಯುವುದು. ಆದ್ದರಿಂದ ಕಾಲಕ್ಷೇಪವೆಂದರೆ ಕಾಲವನ್ನು ಎಸೆಯುವುದು ಎಂದೇ ಅಕ್ಷರಾರ್ಥವಾಗುತ್ತದೆ. ಮಾಡಲು ಕೆಲಸವಿಲ್ಲದೆ ಜಗಲಿಯ ಮೇಲೆ ಕುಳಿತವನನ್ನು ಕಂಡು ‘ಕಾಲಕ್ಷೇಪ ಮಾಡುತ್ತಿದ್ದಾನೆ’ ಎಂದು ಜನರು ಆಡಿಕೊಳ್ಳುವುದುಂಟು. ಆದರೆ ಅದೇ ಪದವು ‘ಕಥಾಕಾಲಕ್ಷೇಪ’ ಎಂಬಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಅಲ್ಲಿ ಅದು ಸತ್ಕಥಾಶ್ರವಣದಿಂದ ಕಾಲವನ್ನು ಸಾರ್ಥಕಪಡಿಸಿಕೊಳ್ಳುವ ಕ್ರಿಯೆ. ಒಂದೇ ಪದದ ಗರ್ಭದಲ್ಲಿ ವ್ಯರ್ಥವೂ ಸಾರ್ಥಕವೂ ಒಟ್ಟಿಗೆ ನೆಲೆಸಿವೆ. ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ ಬಗೆಯಾಗಿ ತೋರುತ್ತವೆ. ಸುಮ್ಮನೆ ಕುಳಿತವನ ಕಾಲವು ಸೋರಿಹೋಗುತ್ತಿದೆಯೋ, ಅವನೊಳಗೆ ಸಂಚಯವಾಗುತ್ತಿದೆಯೋ ಎಂಬುದನ್ನು ನೋಟಮಾತ್ರದಿಂದ ನಿರ್ಣಯಿಸಲಾಗದು.

ಈ ವಿಚಾರವನ್ನು ಎತ್ತಿಕೊಳ್ಳಲು ಕಾರಣವುಂಟು. ನಾಡಿನ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕೆಯಲ್ಲಿ ನೆಲೆಸಿದ್ದಾರೆ. ವಾರದ ಐದು ದಿನ ದುಡಿದು, ಶನಿವಾರ ಮತ್ತು ಭಾನುವಾರಗಳನ್ನು ಮನೆಯಲ್ಲಿ ಒಬ್ಬರೇ ಕಳೆಯುವವರೂ ಅವರಲ್ಲಿದ್ದಾರೆ. ಬೇಸಗೆಯ ಶನಿವಾರದ ಸಂಜೆ ಹಿತ್ತಿಲಿನಲ್ಲಿ ಗ್ರಿಲ್ ಎಂಬ ಇದ್ದಿಲ ಒಲೆಯನ್ನು ಹೊತ್ತಿಸಿ, ಮೆಕ್ಕೆಜೋಳದ ತೆನೆಯನ್ನೋ ಬದನೆಕಾಯಿಯನ್ನೋ ಸುಡುತ್ತ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತುಬಿಡುವುದು ಆ ದೇಶದಲ್ಲಿ ಬಹು ಸಾಮಾನ್ಯವಾದ ವಾರಾಂತ್ಯದ ದೃಶ್ಯ. ಅಮೆರಿಕೆಯ ಪೂರ್ವ ತೀರದಲ್ಲಿ ಬೇಸಗೆಯ ಶನಿವಾರ ರಾತ್ರಿ 8 ಗಂಟೆಯಾದಾಗ ಕರ್ನಾಟಕದಲ್ಲಿ ಭಾನುವಾರ ಬೆಳಗಿನ 5.30. ಎದ್ದೊಡನೆ ತಾಯಿ ದೂರವಾಣಿಯಲ್ಲಿ ವಿಚಾರಿಸುತ್ತಾಳೆ: ಮನೆಗೆ ಯಾರು ಬಂದಿದ್ದರು? ಯಾರೂ ಇಲ್ಲ. ಎಲ್ಲಿಗಾದರೂ ಹೋಗಿದ್ದೆಯಾ? ಇಲ್ಲ. ಹಾಗಾದರೆ ಏನು ಮಾಡಿದೆ? ಬದನೆಕಾಯಿ ಸುಟ್ಟೆ. ಆ ತಾಯಿಯ ಎದೆಯಲ್ಲಿ ಒಂದು ಕಳವಳ ಹುಟ್ಟುತ್ತದೆ.

ಆ ಕಳವಳ ಸಹಜವೇ ಆಗಿದೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಎಳೆಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ತಿನ್ನುವ ‘ಸೀತನಿ’ಯನ್ನು ಬಲ್ಲವರಿಗೆ, ಬೆಂಕಿಯೆಂದರೆ ಹತ್ತು ಜನರು ಸುತ್ತುವರಿದು ಕುಳಿತುಕೊಳ್ಳುವ ಸ್ಥಳ. ಒಬ್ಬನಿಗಾಗಿ ಹೊತ್ತಿಸಿದ ಬೆಂಕಿ ಅವರ ಕಣ್ಣಿಗೆ ಅರ್ಧ ಬೆಂಕಿ. ಆದರೂ ಪ್ರಶ್ನೆ ಉಳಿಯುತ್ತದೆ. ಆ ಶನಿವಾರವು ಕೆಟ್ಟುಹೋಯಿತೇ?

ಉತ್ತರಕ್ಕೆ ಮೊದಲು, ಈ ವಾರಾಂತ್ಯವೆಂಬುದು ಎಲ್ಲಿಂದ ಬಂದಿತೆಂಬುದನ್ನು ಅರಿಯುವುದು ಉಚಿತ. ಎರಡು ದಿನಗಳ ಬಿಡುವು ಪ್ರಕೃತಿದತ್ತವಾದುದಲ್ಲ. 1926ರಲ್ಲಿ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ವಾರಕ್ಕೆ 5 ದಿನ, 40 ಗಂಟೆಗಳ ದುಡಿಮೆಯನ್ನು ಜಾರಿಗೆ ತಂದನು. ಬಿಡುವಿಲ್ಲದ ಕಾರ್ಮಿಕನಿಗೆ ಕಾರು ಕೊಂಡು ಸುತ್ತಾಡುವ ಅವಕಾಶವೇ ಇರದು. ಬಿಡುವಿದ್ದವನೇ ಹೆಚ್ಚು ಕೊಳ್ಳುವವನು ಎಂಬುದು ಅವನು ಬಹಿರಂಗವಾಗಿಯೇ ಮಂಡಿಸಿದ ವಾದವಾಗಿತ್ತು. 1938ರ ಕಾರ್ಮಿಕ ಕಾನೂನು ಹಂತಹಂತವಾಗಿ 1940ರ ಹೊತ್ತಿಗೆ 40 ಗಂಟೆಗಳ ವಾರವನ್ನು ದೇಶದ ರೂಢಿಯನ್ನಾಗಿಸಿತು.

ಇಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಗಮನಿಸಬೇಕು. ಆ ಕಾಲದ ಫೋರ್ಡ್ ಕಾರುಗಳ ನಿರ್ಮಾಣಕ್ಕೆ ಅಪಾರ ಪ್ರಮಾಣದ ಮರ ಬೇಕಾಗುತ್ತಿತ್ತು. ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಎಡ್ವರ್ಡ್ ಕಿಂಗ್ಸ್‌ಫರ್ಡ್ ಎಂಬ ಬಂಧುವಿನ ನೆರವಿನಿಂದ ಕಾಡನ್ನು ಕೊಂಡು, ಅಲ್ಲಿ ಮರದ ಗಿರಣಿಯನ್ನು ಸ್ಥಾಪಿಸಲಾಯಿತು. ಉಳಿದ ತುಂಡು, ಹೊಟ್ಟುಗಳನ್ನು ಎಸೆಯಲು ಮನಸ್ಸಿಲ್ಲದ ಫೋರ್ಡ್, 1920ರ ದಶಕದಲ್ಲಿ ಅವುಗಳನ್ನು ಇದ್ದಿಲಾಗಿಸಿ, ಪಿಷ್ಟದೊಡನೆ ಒತ್ತಿ, ಗಟ್ಟಿ ಬಿಲ್ಲೆಗಳನ್ನಾಗಿ ಮಾಡಿ ಮಾರತೊಡಗಿದನು. ಆ ಘಟಕವು 1951ರಲ್ಲಿ ಕೈ ಬದಲಾಯಿಸಿ ‘ಕಿಂಗ್ಸ್‌ಫರ್ಡ್’ ಎಂಬ ಹೆಸರನ್ನು ತಳೆಯಿತು. ಇಂದಿಗೂ ಅಮೆರಿಕೆಯ ಹಿತ್ತಿಲುಗಳಲ್ಲಿ ಉರಿಯುವ ಇದ್ದಿಲು ಬಹುಮಟ್ಟಿಗೆ ಅದೇ ಹೆಸರಿನದು. ಅಂದರೆ ಶನಿವಾರದ ಬಿಡುವನ್ನು ರೂಢಿಗೆ ತಂದವನೂ, ಆ ಬಿಡುವಿನಲ್ಲಿ ಉರಿಸುವ ಇದ್ದಿಲನ್ನು ಮಾರಿದವನೂ ಒಬ್ಬನೇ!

ಹೀಗೆ ಬಿಡುವಿನ ವೇಳೆಯು ಹುಟ್ಟಿದಂದಿನಿಂದಲೂ ಸಂತೆಯ ಕಣ್ಣು ಅದರ ಮೇಲಿದೆ. ಅಂದು ಕಾರು, ಇದ್ದಿಲು. ಇಂದು ಕೈಯಲ್ಲಿನ ಪರದೆ. ವಾರಾಂತ್ಯವನ್ನು ಯಾವುದಾದರೊಂದು ವಸ್ತುವಿನಿಂದ, ದೃಶ್ಯದಿಂದ, ಪ್ರವಾಸದಿಂದ ತುಂಬಲೇಬೇಕೆಂಬ ಒತ್ತಡವು ಆ ಸಂತೆಯ ಕೂಗಲ್ಲದೆ ಬೇರೆಯಲ್ಲ. ಏನನ್ನೂ ಕೊಳ್ಳದೆ, ಎಲ್ಲಿಗೂ ಓಡದೆ, ಒಂದು ಒಲೆಯ ಮುಂದೆ ಎರಡು ತಾಸು ಕುಳಿತವನು ಆ ಕೂಗಿಗೆ ಕಿವಿಗೊಡಲಿಲ್ಲವೆಂದು ಅವನನ್ನು ಸೋಮಾರಿಯೆನ್ನುವುದು ನ್ಯಾಯವಲ್ಲ.

ಆ ಎರಡು ತಾಸುಗಳಲ್ಲಿ ನಡೆಯುವುದಾದರೂ ಏನು? ಇದ್ದಿಲೆಂಬುದು ಒಮ್ಮೆ ಬೆಂಕಿಯನ್ನು ಕಂಡ ಮರ. ಗಾಳಿಯ ಸಂಪರ್ಕವನ್ನು ಮಿತಗೊಳಿಸಿ ಮರವನ್ನು ಕಾಯಿಸಿದಾಗ ಅದರೊಳಗಿನ ನೀರೂ ಹೊಗೆಯಾಗುವ ದ್ರವ್ಯಗಳೂ ಹೊರಟುಹೋಗಿ ಬಹುಪಾಲು ಇಂಗಾಲವಷ್ಟೇ ಉಳಿಯುತ್ತದೆ. ಅದನ್ನು ಮತ್ತೆ ಹೊತ್ತಿಸಿದಾಗ ಮೊದಲು ಜ್ವಾಲೆ ಎದ್ದು ಕುಣಿಯುತ್ತದೆ. ಅವಸರದವನು ಆಗಲೇ ಕಾಯಿಯನ್ನು ಇಡುತ್ತಾನೆ. ಹೊರಗೆ ಕರಿಯಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬಲ್ಲವನು 20 ನಿಮಿಷಗಳಷ್ಟಾದರೂ ಕಾಯುತ್ತಾನೆ. ಜ್ವಾಲೆ ಇಳಿದು, ಬಿಲ್ಲೆಗಳ ಮೇಲೆ ಬಿಳಿಯ ಬೂದಿ ಕಟ್ಟಿಕೊಳ್ಳುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿಗಟ್ಟನ್ನು ಒಳಗೇ ಹುದುಗಿದ ಕೋಪಕ್ಕೆ ಬಳಸುವುದು ವಾಡಿಕೆ. ಆದರೆ ಅಡುಗೆ ಬಲ್ಲವನಿಗೆ ಆ ಬೂದಿಯೇ ಶುಭಸೂಚನೆ. ಬಿಸಿ ಸ್ಥಿರವಾಗಿದೆ, ಇನ್ನು ಇಡಬಹುದು ಎಂಬ ಸನ್ನೆ.

ಅನಂತರದ್ದೂ ತಾಳ್ಮೆಯ ಕೆಲಸವೇ. ಕೆಂಡಗಳನ್ನು ಒಂದು ಬದಿಗೆ ಒತ್ತರಿಸಿದರೆ ಒಲೆಯಲ್ಲಿ ಎರಡು ನೆಲೆಗಳಾಗುತ್ತವೆ: ಒಂದು ನೇರ ಬಿಸಿಯದು, ಇನ್ನೊಂದು ಹದವಾದ ಬಿಸಿಯದು. ಬದನೆಕಾಯಿಯ ಸಿಪ್ಪೆ ನೇರ ಬಿಸಿಯಲ್ಲಿ ಕಪ್ಪಾಗಿ ಸೀಳಿದ ಮೇಲೆ, ಒಳತಿರುಳು ಕುಸಿಯುವವರೆಗೆ ಅದನ್ನು ಪಕ್ಕಕ್ಕೆ ಸರಿಸಿಡಬೇಕು. ತೆನೆಯನ್ನು ಸಿಪ್ಪೆಯೊಡನೆ ಇಟ್ಟರೆ ತನ್ನ ತೇವದಲ್ಲೇ ಬೇಯುತ್ತದೆ. ಗೆಣಸಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಕೈಗೆ ಕೆಲಸ ಅಲ್ಪ, ಕಣ್ಣಿಗೆ ಕೆಲಸ ನಿರಂತರ. ಮನಸ್ಸಿಗೆ ಮಾತ್ರ ವಿಶೇಷವಾದ ಬಿಡುಗಡೆ. ವಾರವಿಡೀ ಗಡಿಯಾರವು ಮನುಷ್ಯನನ್ನು ಅಟ್ಟುತ್ತದೆ. ಈ ಒಲೆಯ ಮುಂದೆ ಮನುಷ್ಯನು ಗೆಣಸಿನ ಕಾಲಮಾನಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ.

ಇಂತಹ ನಿಶ್ಚಲತೆ ಸುಲಭಸಾಧ್ಯವೆಂದು ಭಾವಿಸಬಾರದು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಟಿಮೊತಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸಾಕ್ಷಿ. ಜನರನ್ನು 15 ನಿಮಿಷಗಳ ಕಾಲ ಖಾಲಿ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಲಾಯಿತು. ಅವರ ಬಳಿ ಇದ್ದುದು ಸಣ್ಣ ವಿದ್ಯುದಾಘಾತ ನೀಡುವ ಗುಂಡಿಯೊಂದೇ. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧವೆಂದು ಮೊದಲೇ ಹೇಳಿದ್ದ 18 ಪುರುಷರಲ್ಲಿ 12 ಮಂದಿಯೂ, 24 ಸ್ತ್ರೀಯರಲ್ಲಿ 6 ಮಂದಿಯೂ ತಮಗೆ ತಾವೇ ಆಘಾತ ಕೊಟ್ಟುಕೊಂಡರು! ತನ್ನೊಡನೆ ತಾನಿರುವುದಕ್ಕಿಂತ ನೋವೇ ಲೇಸೆಂದು ಮನುಷ್ಯನಿಗೆ ತೋರುವುದಾದರೆ, ಆ ಸ್ಥಿತಿಯ ಬಗೆಗೆ ಗಂಭೀರವಾಗಿ ಆಲೋಚಿಸಬೇಕಾಗಿದೆ. ಕೈಯಲ್ಲಿನ ಪರದೆಯನ್ನು ಎರಡು ನಿಮಿಷಕ್ಕೊಮ್ಮೆ ತೀಡುವುದೂ ಆ ಗುಂಡಿಯನ್ನು ಒತ್ತುವುದರ ಇನ್ನೊಂದು ರೂಪವಲ್ಲವೇ? ಅದನ್ನು ಒಳಗಿಟ್ಟು ಕೆಂಡದ ಮುಂದೆ ಕುಳಿತುಕೊಳ್ಳಬಲ್ಲವನು ಒಂದು ಶಕ್ತಿಯನ್ನು ಸಂಪಾದಿಸಿಕೊಂಡಿದ್ದಾನೆ ಎಂದೇ ತಿಳಿಯಬೇಕು.

ಹಾಗೆಂದು ತಾಯಿಯ ಕಳವಳವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕೆಯ ಜನಗಣತಿಯ ಪ್ರಕಾರ 1940ರಲ್ಲಿ ಒಬ್ಬರೇ ವಾಸಿಸುವ ಮನೆಗಳು ಶೇಕಡಾ 7.7 ಇದ್ದರೆ, 2020ರಲ್ಲಿ ಅವು ಶೇಕಡಾ 27.6ಕ್ಕೆ ಏರಿವೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಆ ದೇಶದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಅಧಿಕೃತ ಎಚ್ಚರಿಕೆಯನ್ನು ಹೊರಡಿಸಿದರು. ಸಾಮಾಜಿಕ ನಂಟಿನ ಕೊರತೆಯು ಆಯುಷ್ಯಕ್ಕೆ ಒಡ್ಡುವ ಅಪಾಯವು ದಿನಕ್ಕೆ 15 ಸಿಗರೇಟುಗಳವರೆಗೆ ಸೇದುವುದಕ್ಕೆ ಸಮಾನವೆಂದು ಅದರಲ್ಲಿ ಹೇಳಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ನೀಡಿದ ವರದಿಯಂತೆ ಜಗತ್ತಿನ 6 ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಹಲ್ಲೆಗೆರೆಯ ಬೇರಿನ ವೈದ್ಯರೊಬ್ಬರು ಅಮೆರಿಕೆಗೆ ಹೇಳಬೇಕಾಗಿ ಬಂದ ಮಾತೂ, ಮಗನ ಮನೆಗೆ ಯಾರೂ ಬರಲಿಲ್ಲವೆಂದು ತಾಯಿ ಪಡುವ ಆತಂಕವೂ ಬೇರೆಬೇರೆಯಲ್ಲ.

ಆದ್ದರಿಂದಲೇ ಏಕಾಂತ ಮತ್ತು ಒಂಟಿತನ ಎಂಬ ಎರಡು ಪದಗಳನ್ನು ವಿವೇಚನೆಯಿಂದ ಬೇರ್ಪಡಿಸಿ ನೋಡಬೇಕು. ಏಕಾಂತವು ಆಯ್ದುಕೊಂಡದ್ದು, ಒಂಟಿತನವು ಬಂದೆರಗಿದ್ದು. ಏಕಾಂತದಿಂದ ಎದ್ದುಬಂದವನಿಗೆ ಜನರು ಪ್ರಿಯರಾಗಿ ಕಾಣುತ್ತಾರೆ. ಒಂಟಿತನದಲ್ಲಿ ಬಹುಕಾಲ ಇದ್ದವನಿಗೆ ಜನರು ಭಾರವಾಗಿ ಕಾಣತೊಡಗುತ್ತಾರೆ. ತೊಡಕೆಂದರೆ, ಮೊದಲನೆಯದು ತಿಳಿಯದಂತೆ ಎರಡನೆಯದಾಗಿ ಮಾರ್ಪಡುವ ಸಂಭವವಿದೆ. ಆಯ್ದುಕೊಂಡ ಶನಿವಾರವು ಅಭ್ಯಾಸದ ಶನಿವಾರವಾಗಿ, ಅಭ್ಯಾಸದ ಶನಿವಾರವು ಬೇರೆ ದಾರಿಯಿಲ್ಲದ ಶನಿವಾರವಾಗುವುದಕ್ಕೆ ವರ್ಷಗಳೇ ಬೇಕೆಂದಿಲ್ಲ.

ಈ ಅಪಾಯಕ್ಕೆ ಪರಿಹಾರವು ಆ ಒಲೆಯಲ್ಲೇ ಇದೆ. 1952ರಲ್ಲಿ ಶಿಕಾಗೋ ಪ್ರದೇಶದ ವೆಬರ್ ಎಂಬ ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜಾರ್ಜ್ ಸ್ಟೀಫನ್ ಎಂಬಾತನು, ತೆರೆದ ಒಲೆಯಲ್ಲಿ ಗಾಳಿಗೆ ಬೂದಿ ಹಾರಿ ಅಡುಗೆ ಕೆಡುವುದನ್ನು ಕಂಡು ಬೇಸತ್ತಿದ್ದನು. ಅಲ್ಲಿ ತಯಾರಾಗುತ್ತಿದ್ದ, ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಯನ್ನು ಅವನು ಎರಡು ಹೋಳಾಗಿಸಿ, ಕೆಳಹೋಳನ್ನು ಒಲೆಯಾಗಿಯೂ ಮೇಲ್ಹೋಳನ್ನು ಮುಚ್ಚಳವಾಗಿಯೂ ಮಾಡಿದನು. ಇಂದಿನ ದುಂಡು ಗ್ರಿಲ್ ಹುಟ್ಟಿದ್ದು ಹೀಗೆ. ಅದರ ಮರ್ಮವಿರುವುದು ಕೆಳಗೂ ಮೇಲೂ ಇರುವ ಪುಟ್ಟ ಗಾಳಿಕಿಂಡಿಗಳಲ್ಲಿ. ಕಿಂಡಿಗಳನ್ನು ಪೂರ್ತಿ ತೆರೆದರೆ ಕೆಂಡವು ಧಗಧಗಿಸಿ ಬೇಗನೆ ಮುಗಿದುಹೋಗುತ್ತದೆ. ಪೂರ್ತಿ ಮುಚ್ಚಿದರೆ ಉಸಿರಿಲ್ಲದೆ ಆರುತ್ತದೆ. ಅರೆತೆರೆದಾಗ ತಾಸುಗಟ್ಟಲೆ ಹದವಾಗಿ ಉಳಿಯುತ್ತದೆ.

ಮುಚ್ಚಳವು ಏಕಾಂತ, ಕಿಂಡಿಯು ನಂಟು. ಪ್ರತಿ ವಾರಾಂತ್ಯವೂ ಜನಜಂಗುಳಿಗೆ ಪೂರ್ತಿ ತೆರೆದುಕೊಂಡರೆ ಮನುಷ್ಯನು ಉರಿದು ಬರಿದಾಗುತ್ತಾನೆ. ಪೂರ್ತಿ ಮುಚ್ಚಿಕೊಂಡರೆ ಒಳಗೇ ಆರಿಹೋಗುತ್ತಾನೆ. ಇನ್ನೊಂದು ಮಾತನ್ನೂ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಇದ್ದಿಲ ಒಲೆಯನ್ನು ಮನೆಯೊಳಗಾಗಲಿ, ವಾಹನದ ಕೊಠಡಿಯಲ್ಲಾಗಲಿ, ಕಿಟಕಿ ತೆರೆದಿದ್ದರೂ ಸಹ ಎಂದಿಗೂ ಉರಿಸಬಾರದು. ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ತೂಕಡಿಕೆ ಬಂದಂತೆನಿಸಿ ಪ್ರಾಣವೇ ಹೋಗುತ್ತದೆ. ಒಂಟಿತನದ ವಿಷವೂ ಇದೇ ಜಾತಿಯದು. ಅದರ ಸೇವನೆಯಾಗುತ್ತಿದೆಯೆಂಬುದು ಸೇವಿಸುವವನಿಗೇ ತಿಳಿಯದು.

ಕಿಂಡಿಯನ್ನು ಅರೆತೆರೆಯುವುದು ಕಷ್ಟದ ಕೆಲಸವೇನೂ ಅಲ್ಲ. ಎರಡು ತೆನೆ ಸುಡುವಲ್ಲಿ ನಾಲ್ಕನ್ನು ಸುಟ್ಟು, ಎರಡನ್ನು ಬೇಲಿಯಾಚೆಯ ನೆರೆಯವರಿಗೆ ಕೊಟ್ಟುಬಂದರೆ ಸಾಕು. ಮಾತು ಎರಡೇ ನಿಮಿಷ ನಡೆಯಲಿ. ಏಕಾಂತಕ್ಕೆ ಭಂಗವಿಲ್ಲ, ಒಂಟಿತನಕ್ಕೆ ಎಡೆಯೂ ಇಲ್ಲ. ವಾರದ ಕಾಯಕ ಮುಗಿಸಿದವನ ಬಿಡುವಿನಲ್ಲಿ ದಾಸೋಹಕ್ಕೆ ಇಷ್ಟು ಪುಟ್ಟ ರೂಪವೂ ಇರಬಲ್ಲದು. ಎರಡು ವಾರ ಒಬ್ಬನೇ ಕುಳಿತವನು ಮೂರನೆಯ ವಾರ ಒಬ್ಬರನ್ನಾದರೂ ಕರೆಯುವ ನೇಮವನ್ನಿಟ್ಟುಕೊಳ್ಳುವುದು ಇನ್ನೂ ಶ್ರೇಯಸ್ಕರ. ಯಾರನ್ನೂ ಕರೆಯಲು ಮನಸ್ಸಾಗದ ವಾರಗಳು ಒಂದರ ಮೇಲೊಂದು ಬರುತ್ತಿದ್ದರೆ, ಅದನ್ನು ಸ್ವಭಾವವೆಂದು ಸಮಾಧಾನಪಟ್ಟುಕೊಳ್ಳದೆ ಆಪ್ತರಲ್ಲಿ ತೋಡಿಕೊಳ್ಳಬೇಕು. ಅಗತ್ಯವೆನಿಸಿದರೆ ವೈದ್ಯರಲ್ಲಿಯೂ ಹೇಳಬೇಕು.

ಊರಿನಲ್ಲಿರುವ ಹಿರಿಯರಿಗೂ ಇಲ್ಲಿ ಒಂದು ಕರ್ತವ್ಯವುಂಟು. ಭಾನುವಾರ ಬೆಳಗ್ಗೆ ದೂರವಾಣಿಯಲ್ಲಿ ‘ಯಾರೂ ಬರಲಿಲ್ಲವೇ?’ ಎಂದು ಮರುಗಿದರೆ, ಮಕ್ಕಳು ಮುಂದಿನ ವಾರ ಸುಳ್ಳು ಅತಿಥಿಗಳನ್ನು ಸೃಷ್ಟಿಸುತ್ತಾರೆಯೇ ಹೊರತು ನಿಜವನ್ನು ಹೇಳುವುದಿಲ್ಲ. ಅದರ ಬದಲು ‘ಬದನೆಕಾಯಿ ಹದವಾಗಿ ಬೆಂದಿತೇ? ಕುಳಿತು ಏನು ಯೋಚಿಸಿದೆ?’ ಎಂದು ವಿಚಾರಿಸಬೇಕು. ಪ್ರಶ್ನೆಯಲ್ಲಿ ಮರುಕವಿಲ್ಲದಿದ್ದಾಗ ಉತ್ತರದಲ್ಲಿ ಮರೆಮಾಚುವಿಕೆಯೂ ಇರದು. ಆ ಉತ್ತರವನ್ನು ಸಾವಧಾನವಾಗಿ ಆಲಿಸಿದರೆ, ದೂರದ ಹಿತ್ತಿಲಿನಲ್ಲಿ ನಡೆದದ್ದು ಕಾಲಕ್ಷೇಪದ ಯಾವ ಅರ್ಥವೆಂಬುದು ಹೆತ್ತವರಿಗೆ ತಾನಾಗಿಯೇ ತಿಳಿಯುತ್ತದೆ. ಸಾವಿರಾರು ಮೈಲಿಗಳಾಚೆಯ ಕೆಂಡಕ್ಕೆ ಆ ಒಂದು ಕರೆಯೂ ಗಾಳಿಕಿಂಡಿಯಾಗಬಲ್ಲದು.