ಜಿನನಾಥಪುರದ ಬಸದಿಯ ಹೊಣೆ ಈಗ ನಮ್ಮದಾಗಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಂಧುಗಳೇ,

ಶ್ರವಣಬೆಳಗೊಳ ನೋಡದವರು ನಮ್ಮಲ್ಲಿ ಕಡಿಮೆ. ವಿಂಧ್ಯಗಿರಿ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಬಸ್ಸು ಹಿಡಿದು ಮನೆಗೆ ಬರುತ್ತೇವೆ. ಎದುರಿನ ಚಂದ್ರಗಿರಿ ಹತ್ತುವವರು ಕೆಲವರು. ಅದರ ಬಡಗಣ ಮಗ್ಗುಲಿನ ಜಿನನಾಥಪುರಕ್ಕೆ ಹೋಗುವವರು ಇನ್ನೂ ಕಡಿಮೆ. ಆ ಊರಿನ ಶಾಂತಿನಾಥ ಬಸದಿಯ ಪರವಾಗಿ, ನಮ್ಮ ತಾಲ್ಲೂಕುಗಳಲ್ಲಿ ಕೇಳುವವರಿಲ್ಲದೆ ನಿಂತ ಹಳೆಯ ಕಲ್ಲುಗಳ ಪರವಾಗಿ ಈ ಮನವಿ.

ಬೆಳಗೊಳದ ಈ ನೆಲ ಜೈನ ಮುನಿಗಳು ತಪಸ್ಸಿಗೆ, ಪಾಠಕ್ಕೆ, ಕೊನೆಗೆ ಉಪವಾಸದಿಂದ ದೇಹ ಬಿಡುವ ಸಲ್ಲೇಖನಕ್ಕೆ ಆರಿಸಿಕೊಂಡದ್ದು. ಅವರನ್ನು ನೆನೆಯುವ ನಿಸಿಧಿ ಶಾಸನಗಳು ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನಿಂದ ಇವೆ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜಿನನಾಥಪುರ ಕಟ್ಟಿಸಿದ. ಸುಮಾರು 1200ರ ಹೊತ್ತಿಗೆ ದಂಡನಾಯಕ ರೇಚಿಮಯ್ಯ ಅಲ್ಲಿ ಈ ಬಸದಿ ಮಾಡಿಸಿ, ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದ. ಕಟ್ಟಿಸಿದರೆ ಸಾಲದು, ನೋಡಿಕೊಳ್ಳುವವರ ಕೈಗೂ ಇಡಬೇಕು ಎಂಬುದು ಆ ಕಾಲದ ತಿಳಿವಳಿಕೆ. ಇಂದು ಆ ಕೈ ನಮ್ಮದಾಗಬೇಕು.

ಹೊರಗೋಡೆಯನ್ನು ಒಂದು ಸುತ್ತು ಬಂದು ನೋಡಿ. ಜಿನರು, ಯಕ್ಷ-ಯಕ್ಷಿಯರು, ಸರಸ್ವತಿ, ವಾದ್ಯ ನುಡಿಸುವವರು, ಕುಣಿಯುವವರು. ಒಳಗೆ ನವರಂಗದ ಕಂಬಗಳಲ್ಲಿ ಮಣಿಸರದ ಕೆತ್ತನೆ. ಬೆಳಗೊಳದ ಉಳಿದ ಬಸದಿಗಳ ಹೊರಗೋಡೆ ಬಹುಮಟ್ಟಿಗೆ ಸಾದಾ. ಇಷ್ಟೊಂದು ಶಿಲ್ಪ ಇಲ್ಲಿಯೇ. ಇದೆಲ್ಲ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ ಎಂದೇ ಹೊಯ್ಸಳ ರೂವಾರಿಗಳು ಒಂದೊಂದು ಮಣಿಯನ್ನೂ ಬಿಡಿಬಿಡಿಯಾಗಿ ಕಡೆದರು. ಬೀಗದ ಕೈಯಿಂದ ಹೆಸರು ಗೀಚಿದರೂ ಅದೇ ಕಲ್ಲಿನ ಮೇಲೆ ಗಾಯ ಉಳಿದುಬಿಡುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಆ ಪಟ್ಟಿಗೆ ಸೇರದ ಬಸದಿ, ಗುಡಿ, ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಊರವರೇ ಕಾವಲು. ಆದ್ದರಿಂದ ಇಷ್ಟು ಕೇಳಿಕೊಳ್ಳುತ್ತೇನೆ:

ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಒಂದು ಗಂಟೆ ಜಿನನಾಥಪುರಕ್ಕೆ ಇಡಿ. ಮೇಷ್ಟ್ರುಗಳೇ, ಶಾಲಾ ಪ್ರವಾಸದಲ್ಲಿ ಈ ಬಸದಿಯನ್ನೂ ಸೇರಿಸಿ.

ಶಿಲ್ಪಕ್ಕೆ ಎಣ್ಣೆ, ಕುಂಕುಮ, ಸುಣ್ಣ ಬೇಡ. ಬಿರುಕು ಕಂಡರೆ ನೀವೇ ಸಿಮೆಂಟ್ ಮೆತ್ತಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಉಳುವಾಗ, ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಅದನ್ನು ಒಗೆಯುವ ಕಲ್ಲಾಗಿಯೋ ಮೋರಿಯ ಚಪ್ಪಡಿಯಾಗಿಯೋ ಮಾಡಬೇಡಿ. ಫೋಟೊ ತೆಗೆದು ಪಂಚಾಯಿತಿಗೆ, ತಹಶೀಲ್ದಾರರಿಗೆ ಕೊಡಿ. ಶಾಸನತಜ್ಞ ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟದಲ್ಲಿ (1902) ನಮ್ಮ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ನಿಮ್ಮೂರಿನ ಶಾಸನ ಅದರಲ್ಲಿದೆಯೇ, ಇದ್ದರೆ ಆ ಕಲ್ಲು ಇವತ್ತೂ ಜಾಗದಲ್ಲಿದೆಯೇ, ಯುವಕ ಸಂಘದವರು ಹುಡುಕಿ ನೋಡಿ.

ರಾತ್ರಿ ಹೊತ್ತು ನಿಧಿ ಆಸೆಗೆ ಗುಡಿ ಅಗೆಯುವವರು ಕಂಡರೆ ಸುಮ್ಮನಿರಬೇಡಿ, 112ಕ್ಕೆ ಕರೆ ಮಾಡಿ.

ಇದಕ್ಕೆ ಹಣ ಬೇಕಿಲ್ಲ, ಅಧಿಕಾರ ಬೇಕಿಲ್ಲ. ಪ್ರತಿ ಊರಿನಲ್ಲಿ ನಾಲ್ಕು ಜನ ತಮ್ಮೂರಿನ ಕಲ್ಲಿಗೆ ತಾವೇ ಹೊಣೆ ಎಂದುಕೊಂಡರೆ ಸಾಕು. ಆ ನಾಲ್ವರಲ್ಲಿ ನೀವೊಬ್ಬರಾಗಿ. ಈ ಭಾನುವಾರವೇ ಶುರುಮಾಡಿ.